ಎರಡು ಸೂಪರ್ ಬೌಲ್, 117 ಗೆಲುವು, 117 ಸೋಲು: ಈಲೈ ಮ್ಯಾನಿಂಗ್‌ಗೆ ಹಾಲ್ ಆಫ್ ಫೇಮ್ ಸಲ್ಲುತ್ತಾ?

ಫೆಬ್ರವರಿ ಬಂತೆಂದರೆ ಅಮೆರಿಕದಲ್ಲಿ ಎರಡು ವಿಷಯ ಜೋರಾಗಿ ಚರ್ಚೆಯಾಗುತ್ತವೆ. ಒಂದು, ಅಲ್ಲಿನ ಫುಟ್‌ಬಾಲ್ ಲೀಗ್‌ನ ಫೈನಲ್ ಆದ ಸೂಪರ್ ಬೌಲ್. ಇನ್ನೊಂದು, ಆ ವರ್ಷ ಫುಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಯಾರು ಸೇರುತ್ತಾರೆ ಅನ್ನೋದು. 2025ರಲ್ಲಿ ಈ ಎರಡನೇ ವಿಷಯಕ್ಕೆ ತುಂಬಾ ಕಾವೇರಿತ್ತು. ನ್ಯೂಯಾರ್ಕ್ ಜೈಂಟ್ಸ್ ತಂಡದಲ್ಲಿ 16 ಸೀಸನ್ ಆಡಿ ನಿವೃತ್ತರಾದ ಈಲೈ ಮ್ಯಾನಿಂಗ್ ಅವರ ಹೆಸರು ಮೊದಲ ಸಲ ಮತದಾರರ ಮುಂದೆ ಬಂತು. ಕೊನೆಯ 15 ಜನರ ಪಟ್ಟಿಯವರೆಗೂ ಹೋಯಿತು. ಆದರೆ ಆಯ್ಕೆಯಾಗಲಿಲ್ಲ. ಆವತ್ತಿನಿಂದ "ಇದು ಅನ್ಯಾಯ" ಅನ್ನುವವರು ಒಂದು ಕಡೆ, "ಸರಿಯಾಗೇ ಆಯಿತು" ಅನ್ನುವವರು ಇನ್ನೊಂದು ಕಡೆ.

ಜೈಂಟ್ಸ್ ತಂಡದ ಹೆಸರಲ್ಲಿ ನ್ಯೂಯಾರ್ಕ್ ಇದ್ದರೂ ಅವರ ಮೈದಾನ ಇರೋದು ನ್ಯೂಜೆರ್ಸಿಯಲ್ಲಿ. ಆ ಭಾಗದಲ್ಲಿ ನಮ್ಮ ಕನ್ನಡದವರು ಜಾಸ್ತಿ. ಹಾಗಾಗಿ ಅಲ್ಲಿ ಬೆಳೆದ ಮಕ್ಕಳ ಬಾಯಲ್ಲಿ ಈ ಹೆಸರು ಕೇಳಿ, "ಯಾರಪ್ಪ ಇವನು, ಯಾಕಿಷ್ಟು ಜಗಳ" ಅಂತ ಅಂದುಕೊಂಡವರು ಇರಬಹುದು. ಆಟವೇ ಗೊತ್ತಿಲ್ಲ ಅಂದರೂ ಪರವಾಗಿಲ್ಲ, ಮೊದಲಿಂದ ಶುರು ಮಾಡೋಣ.

ಆಟ ಹೇಗೆ ನಡೆಯುತ್ತೆ

ಅಮೆರಿಕದಲ್ಲಿ ಫುಟ್‌ಬಾಲ್ ಅಂದರೆ ಮೆಸ್ಸಿ ಆಡುವ ಆಟ ಅಲ್ಲ. ಅದನ್ನು ಅವರು ಸಾಕರ್ ಅನ್ನುತ್ತಾರೆ. ಅವರ ಫುಟ್‌ಬಾಲ್‌ನಲ್ಲಿ ಮೊಟ್ಟೆ ಆಕಾರದ ಚೆಂಡನ್ನು ಕೈಯಲ್ಲೇ ಹಿಡಿದು ಓಡುತ್ತಾರೆ, ಇಲ್ಲವೇ ಎಸೆಯುತ್ತಾರೆ. ಮೈದಾನ 100 ಗಜ ಉದ್ದ. ಎದುರಾಳಿಯ ತುದಿಗೆ ಚೆಂಡು ತಲುಪಿಸಿದರೆ ಟಚ್‌ಡೌನ್, ಆರು ಪಾಯಿಂಟ್. ಮೇಲೆ ಒಂದೆರಡು ಪಾಯಿಂಟ್ ಗಳಿಸುವ ಅವಕಾಶವೂ ಸಿಗುತ್ತದೆ.

ಚೆಂಡು ಕೈಯಲ್ಲಿರುವ ತಂಡಕ್ಕೆ ನಾಲ್ಕು ಪ್ರಯತ್ನ. ಅಷ್ಟರಲ್ಲಿ ಕನಿಷ್ಠ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತದೆ, ಹೋಗದಿದ್ದರೆ ಚೆಂಡು ಎದುರಾಳಿಗೆ. ಒಂದೊಂದು ಕಡೆ 11 ಜನ. ದಾಳಿ ಮಾಡುವ 11 ಜನ ಬೇರೆ, ತಡೆಯುವ 11 ಜನ ಬೇರೆ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ದಾಳಿಯ ಆಟಗಾರ ಬೆಂಚಿನ ಮೇಲೆ ಕೂತು, ತನ್ನದೇ ತಂಡದ ತಡೆಯುವವರು ಪಂದ್ಯ ಕೈಬಿಡುವುದನ್ನು ಸುಮ್ನೆ ನೋಡಬೇಕಾದ ಆಟ ಇದು.

ಈ ದಾಳಿಯ ಪಡೆಯನ್ನು ನಡೆಸುವವನೇ ಕ್ವಾರ್ಟರ್‌ಬ್ಯಾಕ್. ಹೆಚ್ಚುಕಡಿಮೆ ಪ್ರತಿ ಪ್ರಯತ್ನದಲ್ಲೂ ಚೆಂಡು ಮೊದಲು ಬರೋದು ಇವನ ಕೈಗೆ. ಯಾರಿಗೆ ಕೊಡಬೇಕು, ಯಾರಿಗೆ ಎಸೆಯಬೇಕು, ಯಾವಾಗ ಬಿಟ್ಟುಕೊಡಬೇಕು ಅನ್ನೋದನ್ನು ಎರಡು ಮೂರು ಸೆಕೆಂಡಿನಲ್ಲಿ ನಿರ್ಧರಿಸಬೇಕು, ಅದೂ ನೂರು ಕಿಲೋಗೂ ಜಾಸ್ತಿ ತೂಗುವ ನಾಲ್ಕೈದು ಜನ ಇವನನ್ನೇ ನೆಲಕ್ಕೆ ಕೆಡವಲು ನುಗ್ಗಿ ಬರುತ್ತಿರುವಾಗ. ಎಸೆದ ಚೆಂಡನ್ನು ಎದುರಾಳಿ ಹಿಡಿದುಬಿಟ್ಟರೆ ಅದು ಇಂಟರ್‌ಸೆಪ್ಶನ್. ಕ್ವಾರ್ಟರ್‌ಬ್ಯಾಕ್ ಮಾಡಬಹುದಾದ ದೊಡ್ಡ ತಪ್ಪು ಅದೇ.

ಎನ್‌ಎಫ್‌ಎಲ್ ಅನ್ನುವ ಲೀಗ್‌ನಲ್ಲಿ 32 ತಂಡಗಳು. ಮ್ಯಾನಿಂಗ್ ಆಡುವಾಗ ಒಂದು ಸೀಸನ್‌ಗೆ 16 ಲೀಗ್ ಪಂದ್ಯ. ಅದರಲ್ಲಿ ಚೆನ್ನಾಗಿ ಆಡಿದವರು ಪ್ಲೇಆಫ್‌ಗೆ ಹೋಗುತ್ತಾರೆ. ಅಲ್ಲಿ ಒಂದು ಸೋತರೂ ಮನೆಗೆ. ಕೊನೆಗೆ ಉಳಿದ ಎರಡು ತಂಡಗಳ ನಡುವಿನ ಫೈನಲ್ಲೇ ಸೂಪರ್ ಬೌಲ್.

ಹಾಲ್ ಆಫ್ ಫೇಮ್ ಅಂದರೇನು, ಯಾರು ಆರಿಸುತ್ತಾರೆ

ಒಹಾಯೊ ರಾಜ್ಯದ ಕ್ಯಾಂಟನ್ ಅನ್ನುವ ಊರಿನಲ್ಲಿ 1963ರಲ್ಲಿ ಶುರುವಾದ ಒಂದು ಮ್ಯೂಸಿಯಂ ಇದು. ಆ ಊರೇ ಯಾಕೆ ಅಂದರೆ, 1920ರಲ್ಲಿ ಈ ಲೀಗ್ ಹುಟ್ಟಿದ್ದು ಅಲ್ಲಿ. ಆಯ್ಕೆಯಾದವರ ಕಂಚಿನ ಮುಖಪ್ರತಿಮೆ ಅಲ್ಲಿ ಶಾಶ್ವತವಾಗಿ ಇರುತ್ತದೆ. ಅವರಿಗೊಂದು ಚಿನ್ನದ ಬಣ್ಣದ ಕೋಟು ತೊಡಿಸುತ್ತಾರೆ. ಆಟಗಾರರು ತಮ್ಮ ಜೀವಮಾನದ ದೊಡ್ಡ ಗೌರವ ಅಂತ ಹೇಳಿಕೊಳ್ಳೋದು ಈ ಕೋಟನ್ನೇ. ಕ್ರಿಕೆಟ್‌ನಲ್ಲೂ ಇಂಥದ್ದೇ ಒಂದು ಇದೆ. ನಮ್ಮ ಅನಿಲ್ ಕುಂಬ್ಳೆ ಅವರನ್ನು ಐಸಿಸಿ ತನ್ನ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡಿದ್ದು 2015ರಲ್ಲಿ.

ಕ್ಯಾಂಟನ್‌ನ ನಿಯಮ ಹೀಗಿದೆ. ಆಟ ಬಿಟ್ಟು ಐದು ವರ್ಷ ಕಾಯಬೇಕು. ಬಿಸಿ ಆರಲಿ, ಆಟಗಾರನನ್ನು ಸ್ವಲ್ಪ ದೂರದಿಂದ ನೋಡುವಂತಾಗಲಿ ಅಂತ. ಆಮೇಲೆ ಯಾರು ಬೇಕಾದರೂ ಹೆಸರು ಸೂಚಿಸಬಹುದು, ಸಾಮಾನ್ಯ ಅಭಿಮಾನಿ ಕೂಡ. ಪ್ರತಿ ವರ್ಷ ನೂರಕ್ಕೂ ಜಾಸ್ತಿ ಹೆಸರುಗಳಿಂದ ಶುರುವಾಗಿ ಹಂತ ಹಂತವಾಗಿ ಸೋಸುತ್ತಾ ಕೊನೆಗೆ 15ಕ್ಕೆ ಇಳಿಸುತ್ತಾರೆ. ಆರಿಸುವವರು ಸುಮಾರು 50 ಜನ. ಹೆಚ್ಚಿನವರು ಪತ್ರಕರ್ತರು, ಜೊತೆಗೆ ಕೆಲವು ಹಳೆಯ ಆಟಗಾರರು. ಪ್ರತಿ ತಂಡದ ಊರಿಂದ ಒಬ್ಬರು ಇರುತ್ತಾರೆ, ತಮ್ಮ ತಂಡದ ಆಟಗಾರನ ಪರವಾಗಿ ವಾದ ಮಂಡಿಸುವುದು ಸಾಮಾನ್ಯವಾಗಿ ಅವರೇ. ಯಾರು ಯಾರಿಗೆ ಮತ ಹಾಕಿದರು ಅನ್ನೋದು ಗುಟ್ಟು.

ಇನ್ನೊಂದು ಮುಖ್ಯ ನಿಯಮ. ಆಟಗಾರನ ವಿಷಯದಲ್ಲಿ ಮೈದಾನದ ಒಳಗೆ ನಡೆದದ್ದನ್ನು ಮಾತ್ರ ನೋಡಬೇಕು. ಒಳ್ಳೆಯ ಮನುಷ್ಯ, ಕೆಟ್ಟ ಮನುಷ್ಯ ಅನ್ನುವ ಚರ್ಚೆಗೆ ಆ ಕೋಣೆಯಲ್ಲಿ ಜಾಗ ಇಲ್ಲ. ಮ್ಯಾನಿಂಗ್ ವಿಷಯದಲ್ಲಿ ಇದು ಎರಡೂ ಕಡೆಗೆ ಕೆಲಸ ಮಾಡುತ್ತದೆ. ಸಮಾಜಸೇವೆಗಾಗಿ ಲೀಗ್ ಕೊಡುವ ವಾಲ್ಟರ್ ಪೇಟನ್ ಪ್ರಶಸ್ತಿಯನ್ನು ಅವರು 2016ರ ಸೀಸನ್‌ಗೆ ಲ್ಯಾರಿ ಫಿಟ್ಜ್‌ಜೆರಾಲ್ಡ್ ಜೊತೆ ಹಂಚಿಕೊಂಡರು. ಅದು ಲೆಕ್ಕಕ್ಕೆ ಬರುವುದಿಲ್ಲ. 2004ರಲ್ಲಿ ಕಾಲೇಜಿನಿಂದ ಬಂದ ಹೊಸ ಆಟಗಾರರನ್ನು ತಂಡಗಳು ಆರಿಸುವಾಗ, ಮೊದಲ ಸರದಿ ಇದ್ದ ಸ್ಯಾನ್ ಡಿಯಾಗೊ ತಂಡಕ್ಕೆ "ನಾನು ಬರಲ್ಲ" ಅಂತ ಮೊದಲೇ ತಿಳಿಸಿ ಜೈಂಟ್ಸ್‌ಗೆ ಹೋಗಿದ್ದರು. ಸ್ಯಾನ್ ಡಿಯಾಗೊದವರಿಗೆ ಆ ಕೋಪ ಇನ್ನೂ ಇದೆ. ಅದೂ ಲೆಕ್ಕಕ್ಕೆ ಬರಬಾರದು.

80 ಶೇಕಡಾ ಅನ್ನುವ ಗೋಡೆ

ಆಯ್ಕೆಯಾಗಲು 80 ಶೇಕಡಾ ಮತ ಬೇಕು. ಇದು ಮೊದಲಿಂದಲೂ ಕಷ್ಟವೇ. ಆದರೆ 2025ರಲ್ಲಿ ಇನ್ನೂ ಕಷ್ಟ ಮಾಡಿದರು, ಮತ್ತು ಬಹಳ ಜನ ಇದನ್ನು ಗಮನಿಸದೆಯೇ ಜಗಳ ಆಡುತ್ತಾರೆ.

ಹಿಂದೆಲ್ಲ 15 ಜನರನ್ನು ಹತ್ತಕ್ಕೆ, ಹತ್ತನ್ನು ಐದಕ್ಕೆ ಇಳಿಸಿ, ಉಳಿದ ಒಬ್ಬೊಬ್ಬರಿಗೂ ಹೌದು ಅಥವಾ ಇಲ್ಲ ಅಂತ ಮತ ಹಾಕುತ್ತಿದ್ದರು. ಐದರವರೆಗೆ ಬಂದವರು ಹೆಚ್ಚುಕಡಿಮೆ ಒಳಗೆ ಹೋದಂತೆಯೇ. 2025ರಲ್ಲಿ ಕೊನೆಯ ಹಂತಕ್ಕೆ ಏಳು ಜನರನ್ನು ಇಟ್ಟು, ಒಬ್ಬ ಮತದಾರ ಅದರಲ್ಲಿ ಐವರನ್ನು ಮಾತ್ರ ಆರಿಸಬೇಕು ಅಂತ ಮಾಡಿದರು.

ಲೆಕ್ಕ ಹಾಕಿ ನೋಡಿ. 50 ಮತದಾರರು ಅಂತ ಇಟ್ಟುಕೊಳ್ಳಿ. ಒಬ್ಬೊಬ್ಬರಿಗೆ ಐದು ಮತ, ಒಟ್ಟು 250. ಏಳೂ ಜನ ಹೆಚ್ಚುಕಡಿಮೆ ಸಮಾನರಾಗಿದ್ದು ಮತ ಸಮನಾಗಿ ಹಂಚಿಹೋದರೆ ತಲಾ 35 ಅಥವಾ 36 ಬರುತ್ತದೆ. ಬೇಕಾಗಿರೋದು 40. ಅಂದರೆ ಏಳೂ ಜನ ಯೋಗ್ಯರೇ ಆಗಿದ್ದರೂ ಒಬ್ಬರೂ ಗೆರೆ ದಾಟದೆ ಇರಬಹುದು! ಅದಕ್ಕೇ ಈ ಗುಂಪಿನಿಂದ ಕನಿಷ್ಠ ಮೂವರನ್ನಾದರೂ ತೆಗೆದುಕೊಳ್ಳಬೇಕು ಅಂತ ಇನ್ನೊಂದು ನಿಯಮ ಸೇರಿಸಿದ್ದಾರೆ.

ಫಲಿತಾಂಶ ಹೇಗಿತ್ತು ಅಂದರೆ, 2025ರಲ್ಲಿ ಒಟ್ಟು ನಾಲ್ಕೇ ಜನ ಆಯ್ಕೆಯಾದರು. ಜೇರೆಡ್ ಆಲೆನ್, ಎರಿಕ್ ಆಲೆನ್, ಆಂಟೋನಿಯೊ ಗೇಟ್ಸ್, ಹಿರಿಯರ ವಿಭಾಗದಿಂದ ಸ್ಟರ್ಲಿಂಗ್ ಶಾರ್ಪ್. 20 ವರ್ಷಗಳಲ್ಲೇ ಅತಿ ಚಿಕ್ಕ ಗುಂಪು. ಹಾಗಾಗಿ "ಮ್ಯಾನಿಂಗ್ ಅವರನ್ನು ತಿರಸ್ಕರಿಸಿದರು" ಅನ್ನುವಾಗ ಸ್ವಲ್ಪ ನಿಧಾನಿಸಬೇಕು. ಆ ವರ್ಷ ಬಾಗಿಲೇ ಕಿರಿದಾಗಿತ್ತು. ದೊಡ್ಡ ದೊಡ್ಡ ಹೆಸರುಗಳೇ ಹೊರಗೆ ಉಳಿದವು.

ಮ್ಯಾನಿಂಗ್ ಮನೆತನ

ಈಲೈ ಹುಟ್ಟಿದ್ದು 1981ರಲ್ಲಿ, ನ್ಯೂ ಆರ್ಲಿಯನ್ಸ್‌ನಲ್ಲಿ. ಅಪ್ಪ ಆರ್ಚಿ ಮ್ಯಾನಿಂಗ್ ಕೂಡ ಕ್ವಾರ್ಟರ್‌ಬ್ಯಾಕ್. ಸೋಲುತ್ತಲೇ ಇದ್ದ ಸೇಂಟ್ಸ್ ತಂಡದಲ್ಲಿ ಸಿಕ್ಕಿಹಾಕಿಕೊಂಡವರು. ಅಣ್ಣ ಪೇಟನ್ ಮ್ಯಾನಿಂಗ್ ಲೀಗ್‌ನ ಅತ್ಯುತ್ತಮ ಆಟಗಾರ ಅನ್ನುವ ಎಂವಿಪಿ ಪ್ರಶಸ್ತಿಯನ್ನು ಐದು ಸಲ ಗೆದ್ದವರು. ಐದು ವರ್ಷ ತುಂಬಿದ ಕೂಡಲೇ, 2021ರಲ್ಲಿ, ಯಾವ ತಕರಾರೂ ಇಲ್ಲದೆ ಹಾಲ್ ಆಫ್ ಫೇಮ್‌ಗೆ ಹೋದರು. ತಮ್ಮನನ್ನು ಜನ ಯಾವಾಗಲೂ ಅಣ್ಣನ ಪಕ್ಕ ನಿಲ್ಲಿಸಿ ನೋಡಿದರು. ಪೇಟನ್ ಸಹೋದರ ಅನ್ನುವ ಕಾರಣಕ್ಕೆ ಈ ಮನುಷ್ಯನಿಗೆ ಅನಗತ್ಯ ಹೊಗಳಿಕೆಯೂ ಸಿಕ್ಕಿದೆ, ಅನಗತ್ಯ ಹೋಲಿಕೆಯೂ ಆಗಿದೆ.

2004ರಿಂದ 2019ರವರೆಗೆ ಜೈಂಟ್ಸ್ ಬಿಟ್ಟು ಬೇರೆ ತಂಡಕ್ಕೆ ಆಡಲಿಲ್ಲ. ಸತತ 210 ಲೀಗ್ ಪಂದ್ಯಗಳನ್ನು ಕ್ವಾರ್ಟರ್‌ಬ್ಯಾಕ್ ಆಗಿ ಶುರು ಮಾಡಿದರು. ಮೂಳೆ ಮುರಿಯೋದು ಮಾಮೂಲಿ ಆಗಿರುವ ಆಟದಲ್ಲಿ 13 ವರ್ಷ ಒಂದು ಪಂದ್ಯವೂ ತಪ್ಪಿಸಲಿಲ್ಲ ಅಂದರೆ ಸಣ್ಣ ಮಾತಲ್ಲ. 2017ರ ಡಿಸೆಂಬರ್‌ನಲ್ಲಿ ಕೋಚ್ ಬೆನ್ ಮ್ಯಾಕಡೂ ಅವರನ್ನು ಬೆಂಚಿನ ಮೇಲೆ ಕೂರಿಸಿದಾಗ ಆ ಸರಣಿ ಮುರಿಯಿತು. ಅಭಿಮಾನಿಗಳು ಎಷ್ಟು ಸಿಟ್ಟಾದರು ಅಂದರೆ, ಮರುದಿನವೇ ಆ ಕೋಚ್‌ನ ಕೆಲಸ ಹೋಯಿತು. ತಂಡ ಸೋಲುತ್ತಲೇ ಇತ್ತು, ಕಾರಣ ಅದೊಂದೇ ಅಲ್ಲ, ಆದರೂ ನ್ಯೂಯಾರ್ಕ್ ಜನಕ್ಕೆ ಈಲೈ ಅಂದರೆ ಏನು ಅನ್ನೋದು ಆವತ್ತು ಗೊತ್ತಾಯಿತು.

ಆ ಎರಡು ಚಳಿಗಾಲ

ಈಗ ಪರವಾಗಿ ಇರುವ ವಾದಕ್ಕೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಇದನ್ನು ಬಿಟ್ಟರೆ ಈ ಚರ್ಚೆಯೇ ಇರುತ್ತಿರಲಿಲ್ಲ.

2007ರ ಸೀಸನ್. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಅನ್ನುವ ತಂಡ, ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ, ಕೋಚ್ ಬಿಲ್ ಬೆಲಿಚಿಕ್. ಲೀಗ್‌ನ 16 ಪಂದ್ಯ ಗೆದ್ದರು. ಪ್ಲೇಆಫ್‌ನಲ್ಲಿ ಎರಡು ಗೆದ್ದರು. 18ಕ್ಕೆ 18. ಒಂದೇ ಸೀಸನ್‌ನಲ್ಲಿ 589 ಪಾಯಿಂಟ್ ಹೊಡೆದು ಆಗಿನ ದಾಖಲೆ ಮುರಿದಿದ್ದರು. ಇಡೀ ಸೀಸನ್ ಸೋಲದೆ ಚಾಂಪಿಯನ್ ಆದವರು ಅಲ್ಲಿಯವರೆಗೆ 1972ರ ಮಯಾಮಿ ಡಾಲ್ಫಿನ್ಸ್ ಒಬ್ಬರೇ. ಇವರು ಎರಡನೆಯವರಾಗಲು ಒಂದೇ ಪಂದ್ಯ ಬಾಕಿ.

ಎದುರಿಗೆ ಜೈಂಟ್ಸ್. ಹತ್ತು ಗೆಲುವು, ಆರು ಸೋಲಿನ ಸಾಧಾರಣ ತಂಡ. ಈಲೈ ಆ ಸೀಸನ್‌ನಲ್ಲಿ 23 ಟಚ್‌ಡೌನ್ ಎಸೆದಿದ್ದರು, 20 ಇಂಟರ್‌ಸೆಪ್ಶನ್ ಕೊಟ್ಟಿದ್ದರು. ಲೀಗ್‌ನಲ್ಲೇ ಅತಿ ಹೆಚ್ಚು ಕೊಟ್ಟವರಲ್ಲಿ ಅವರೂ ಒಬ್ಬರು. ಆದರೆ ಪ್ಲೇಆಫ್‌ನಲ್ಲಿ ಏನೋ ಬದಲಾಯಿತು. ಟ್ಯಾಂಪಾದಲ್ಲಿ ಗೆದ್ದರು, ಡಲ್ಲಾಸ್‌ನಲ್ಲಿ ಗೆದ್ದರು, ಮೈನಸ್ 18 ಡಿಗ್ರಿ ಚಳಿಯ ಗ್ರೀನ್ ಬೇಯಲ್ಲಿ ಹೆಚ್ಚುವರಿ ಸಮಯಕ್ಕೆ ಹೋದ ಪಂದ್ಯ ಗೆದ್ದರು. ಮೂರೂ ಪರರ ಮೈದಾನ.

2008ರ ಫೆಬ್ರವರಿ 3. ಅರಿಜೋನಾದ ಗ್ಲೆಂಡೇಲ್. ಪಂದ್ಯ ಮುಗಿಯಲು ಮೂರು ನಿಮಿಷವೂ ಇಲ್ಲ, ಪೇಟ್ರಿಯಟ್ಸ್ 14–10 ಮುಂದೆ. ಜೈಂಟ್ಸ್ 83 ಗಜ ಹೋಗಬೇಕು. ಮಧ್ಯದಲ್ಲಿ ಈಲೈ ಎಸೆದ ಒಂದು ಚೆಂಡು ಎದುರಾಳಿ ಅಸಾಂಟೆ ಸ್ಯಾಮ್ಯುಯೆಲ್ ಬೆರಳಿಗೆ ತಾಗಿ ಹೊರಗೆ ಹೋಯಿತು. ಹಿಡಿದಿದ್ದರೆ ಅಲ್ಲಿಗೇ ಎಲ್ಲ ಮುಗಿಯುತ್ತಿತ್ತು. ಮರುಪ್ರಯತ್ನದಲ್ಲೇ ಇಬ್ಬರು ಮೂವರು ಈಲೈ ಅಂಗಿ ಹಿಡಿದು ಎಳೆದರು. ಅದು ಹೇಗೆ ಬಿಡಿಸಿಕೊಂಡರೋ, ಹಿಂದಕ್ಕೆ ಓಡಿ, ಚೆಂಡನ್ನು ದೂರಕ್ಕೆ ಎಸೆದರು. ಆ ಸೀಸನ್‌ನ ಲೀಗ್ ಪಂದ್ಯಗಳಲ್ಲಿ ನಾಲ್ಕೇ ಕ್ಯಾಚ್ ಹಿಡಿದಿದ್ದ ಡೇವಿಡ್ ಟೈರಿ ಎಗರಿ, ಚೆಂಡನ್ನು ತನ್ನ ಹೆಲ್ಮೆಟ್‌ಗೆ ಒತ್ತಿ ಹಿಡಿದು ನೆಲಕ್ಕೆ ಬಿದ್ದರು, ಚೆಂಡು ಕೈಬಿಡಲಿಲ್ಲ. 32 ಗಜ. ಸ್ವಲ್ಪ ಹೊತ್ತಿಗೆ, 35 ಸೆಕೆಂಡ್ ಉಳಿದಿರುವಾಗ, ಪ್ಲ್ಯಾಕ್ಸಿಕೊ ಬರೆಸ್‌ಗೆ ಟಚ್‌ಡೌನ್. 17–14. ಪಂದ್ಯಶ್ರೇಷ್ಠ ಈಲೈ ಮ್ಯಾನಿಂಗ್.

ಇದು ಒಂದೇ ಸಲ ಆಗಿದ್ದರೆ ಅದೃಷ್ಟ ಅನ್ನಬಹುದಿತ್ತು. ಫಿಲಡೆಲ್ಫಿಯಾದ ನಿಕ್ ಫೋಲ್ಸ್ 2018ರಲ್ಲಿ ಇದೇ ಬ್ರೇಡಿ, ಇದೇ ಬೆಲಿಚಿಕ್ ತಂಡವನ್ನು ಸೋಲಿಸಿ ಪಂದ್ಯಶ್ರೇಷ್ಠ ಆದರು. ಅವರನ್ನು ಹಾಲ್ ಆಫ್ ಫೇಮ್‌ಗೆ ಸೇರಿಸಿ ಅಂತ ಯಾರೂ ಗಂಭೀರವಾಗಿ ಕೇಳುವುದಿಲ್ಲ. ಆದರೆ ಈಲೈ ನಾಲ್ಕು ವರ್ಷದ ಮೇಲೆ ಮತ್ತೆ ಮಾಡಿದರು.

2011ರ ಸೀಸನ್‌ನಲ್ಲಿ ಜೈಂಟ್ಸ್ ಇನ್ನೂ ಸಾಧಾರಣ. 9 ಗೆಲುವು, 7 ಸೋಲು. ಲೀಗ್ ಪಂದ್ಯಗಳಲ್ಲಿ ಹೊಡೆದ ಪಾಯಿಂಟ್‌ಗಿಂತ ಕೊಟ್ಟ ಪಾಯಿಂಟೇ ಜಾಸ್ತಿ. ಆ ಸಲ ತಂಡವನ್ನು ಹೊತ್ತವರು ಈಲೈ. 4,933 ಗಜ ಎಸೆದರು. ಪಂದ್ಯಗಳ ಕೊನೆಯ ಕಾಲು ಭಾಗದಲ್ಲೇ ಆ ಸೀಸನ್‌ನಲ್ಲಿ ಒಟ್ಟು 15 ಟಚ್‌ಡೌನ್, ಅದು ಆಗಿನ ದಾಖಲೆ. ಲೀಗ್ ಪಂದ್ಯಗಳಲ್ಲಿ 15 ಗೆದ್ದು ಒಂದೇ ಸೋತಿದ್ದ ಗ್ರೀನ್ ಬೇಯನ್ನು ಪ್ಲೇಆಫ್‌ನಲ್ಲಿ ಅವರ ಮನೆಯಲ್ಲೇ ಸೋಲಿಸಿದರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಎದುರಾಳಿಗಳು ಅವರನ್ನು ಆರು ಸಲ ನೆಲಕ್ಕೆ ಕೆಡವಿದರು. ಪ್ರತಿ ಸಲ ಎದ್ದು ಬಂದು ಒಟ್ಟು 58 ಸಲ ಚೆಂಡು ಎಸೆದು ಪಂದ್ಯ ಗೆಲ್ಲಿಸಿದರು. ನನ್ನ ಮಟ್ಟಿಗೆ ಅವರ ವೃತ್ತಿಯ ಅತ್ಯುತ್ತಮ ದಿನ ಅದೇ, ಎರಡು ಫೈನಲ್‌ಗಳಿಗಿಂತಲೂ.

2012ರ ಫೆಬ್ರವರಿ 5ರ ಫೈನಲ್‌ನಲ್ಲಿ ಮತ್ತೆ ಪೇಟ್ರಿಯಟ್ಸ್, ಮತ್ತೆ ಕೊನೆಯ ನಾಲ್ಕು ನಿಮಿಷ, ಮತ್ತೆ ಹಿಂದೆ. ಮೊದಲ ಎಸೆತವೇ ಗೆರೆಯ ಅಂಚಿನಲ್ಲಿ ಇಬ್ಬರ ನಡುವೆ ಮಾರಿಯೊ ಮ್ಯಾನಿಂಗ್‌ಹ್ಯಾಮ್ ಕೈಗೆ 38 ಗಜ. ಅದರಲ್ಲಿ ಅದೃಷ್ಟದ ಪಾಲು ಇರಲಿಲ್ಲ, ಶುದ್ಧ ಎಸೆತ. 21–17. ಮತ್ತೆ ಪಂದ್ಯಶ್ರೇಷ್ಠ.

ಸೂಪರ್ ಬೌಲ್‌ನಲ್ಲಿ ಒಂದಕ್ಕಿಂತ ಹೆಚ್ಚು ಸಲ ಪಂದ್ಯಶ್ರೇಷ್ಠ ಆದವರು ಇತಿಹಾಸದಲ್ಲೇ ಆರು ಜನ. ಬ್ರೇಡಿ, ಮೊಂಟಾನ, ಮಹೋಮ್ಸ್, ಬಾರ್ಟ್ ಸ್ಟಾರ್, ಟೆರ್ರಿ ಬ್ರಾಡ್‌ಶಾ, ಈಲೈ. ಇದರಲ್ಲಿ ಮೊಂಟಾನ, ಸ್ಟಾರ್, ಬ್ರಾಡ್‌ಶಾ ಆಗಲೇ ಕ್ಯಾಂಟನ್‌ನಲ್ಲಿ ಇದ್ದಾರೆ.

ಹಾಗಾದರೆ ತಕರಾರು ಏನು

ತಕರಾರು ಉಳಿದ 14 ವರ್ಷದ್ದು.

ಈಲೈ ಪ್ಲೇಆಫ್‌ಗೆ ಆರು ಸೀಸನ್‌ನಲ್ಲಿ ಹೋದರು. 8 ಗೆಲುವು, 4 ಸೋಲು. ಚೆನ್ನಾಗಿಯೇ ಇದೆ ಅಲ್ವಾ? ಆದರೆ ಆ ಎಂಟೂ ಗೆಲುವು ಬಂದಿದ್ದು ಮೇಲೆ ಹೇಳಿದ ಎರಡೇ ಸೀಸನ್‌ನಲ್ಲಿ. ಉಳಿದ ನಾಲ್ಕು ಸಲವೂ ಮೊದಲ ಪಂದ್ಯದಲ್ಲೇ ಹೊರಗೆ.

ಲೀಗ್ ಪಂದ್ಯಗಳ ಲೆಕ್ಕ ಇನ್ನೂ ವಿಚಿತ್ರ. ಅವರು ಶುರು ಮಾಡಿದ 234 ಪಂದ್ಯಗಳಲ್ಲಿ 117 ಗೆಲುವು, 117 ಸೋಲು. ಸರಿಸಮ. 2019ರ ಡಿಸೆಂಬರ್‌ನಲ್ಲಿ ಕೊನೆಯ ಪಂದ್ಯದಲ್ಲಿ ಮಯಾಮಿಯನ್ನು ಸೋಲಿಸಿದ್ದರಿಂದ ಈ ಸಮ ಆಯಿತು, ಇಲ್ಲದಿದ್ದರೆ ಸೋಲೇ ಜಾಸ್ತಿ ಇರುತ್ತಿತ್ತು. ಅವರ ವಿರುದ್ಧ ಮಾತಾಡುವವರು ಮೊದಲು ಎತ್ತೋದು ಈ ಸಂಖ್ಯೆಯನ್ನೇ.

ಕ್ರಿಕೆಟ್ ಗೊತ್ತಿರುವವರಿಗೆ ಇದನ್ನು ಹೀಗೆ ಹೇಳಬಹುದು. 16 ವರ್ಷ ಆಡಿದ ಒಬ್ಬ ಬ್ಯಾಟರ್. ಸರಾಸರಿ 35ರ ಆಸುಪಾಸು. ಕೆಟ್ಟದ್ದಲ್ಲ, ಆದರೆ ಮಕ್ಕಳು ಗೋಡೆಗೆ ಪೋಸ್ಟರ್ ಅಂಟಿಸುವಂಥದ್ದೂ ಅಲ್ಲ. ಯಾವ ವರ್ಷವೂ ವಿಶ್ವದ ಅತ್ಯುತ್ತಮ ಹನ್ನೊಂದರಲ್ಲಿ ಹೆಸರು ಬಂದಿಲ್ಲ. ಆದರೆ ಎರಡು ವಿಶ್ವಕಪ್ ಫೈನಲ್‌ನಲ್ಲಿ, ಎರಡೂ ಸಲ ಅದೇ ಬಲಿಷ್ಠ ತಂಡದ ಎದುರು, ಕೊನೆಯ ಓವರ್‌ನಲ್ಲಿ ಗೆಲ್ಲಿಸಿ ಪಂದ್ಯಶ್ರೇಷ್ಠ ಆಗಿದ್ದಾನೆ. ಇವನನ್ನು ಸಾರ್ವಕಾಲಿಕ ಶ್ರೇಷ್ಠರ ಸಾಲಿನಲ್ಲಿ ಕೂರಿಸಬೇಕಾ? ನಿಮ್ಮ ಮನೆಯಲ್ಲೇ ಈ ಪ್ರಶ್ನೆ ಕೇಳಿ ನೋಡಿ, ಊಟ ತಣ್ಣಗಾಗುವವರೆಗೂ ಜಗಳ ಮುಗಿಯಲ್ಲ.

117–117 ಎಷ್ಟು ಹೇಳುತ್ತೆ, ಎಷ್ಟು ಮುಚ್ಚಿಡುತ್ತೆ

ಆ ಸಂಖ್ಯೆಗೆ ಇಷ್ಟು ಬೆಲೆ ಕೊಡುವುದು ಸರಿಯಲ್ಲ ಅನ್ನೋದು ನನ್ನ ಅನಿಸಿಕೆ. ಆಟದ ಬಗ್ಗೆ ಹೇಳುವಾಗ ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ತಡೆಯುವ 11 ಜನ ಬೇರೆ ಅಂತ. ಗೆಲುವು ಸೋಲು ತಂಡದ್ದು. ಅದನ್ನು ಒಬ್ಬನ ಹೆಸರಿಗೆ ಬರೆಯೋದು ರೂಢಿಯಾಗಿದೆ, ಅಷ್ಟೇ.

ಇನ್ನೊಂದು, ಅದನ್ನು ಎರಡು ತುಂಡು ಮಾಡಿ ನೋಡಿ. 2004ರಿಂದ 2012ರವರೆಗೆ ಅವರ ಲೆಕ್ಕ 78 ಗೆಲುವು, 57 ಸೋಲು. 2013ರಿಂದ ಕೊನೆಯವರೆಗೆ 39 ಗೆಲುವು, 60 ಸೋಲು. ಮೊದಲ ಒಂಬತ್ತು ವರ್ಷ ಒಳ್ಳೆಯ ತಂಡದ ಒಳ್ಳೆಯ ಕ್ವಾರ್ಟರ್‌ಬ್ಯಾಕ್. ಕೊನೆಯ ಏಳು ವರ್ಷದಲ್ಲಿ ಜೈಂಟ್ಸ್ ಪ್ಲೇಆಫ್‌ಗೆ ಹೋಗಿದ್ದು ಒಂದೇ ಸಲ, 2016ರಲ್ಲಿ. ಆ ವರ್ಷಗಳಲ್ಲಿ ತಂಡವೂ ಹಾಳಾಗಿತ್ತು, ಈಲೈ ಆಟವೂ ಇಳಿದಿತ್ತು. 2013ರಲ್ಲಿ 27 ಇಂಟರ್‌ಸೆಪ್ಶನ್ ಕೊಟ್ಟಿದ್ದನ್ನು ಬೇರೆ ಯಾರ ತಲೆಗೂ ಕಟ್ಟೋಕೆ ಆಗಲ್ಲ.

ಇದೇ ಮಾತು ಎರಡು ಸೂಪರ್ ಬೌಲ್‌ಗೂ ಅನ್ವಯಿಸುತ್ತದೆ, ಅದನ್ನು ಈಲೈ ಪರ ಇರುವವರು ಮರೆಯುತ್ತಾರೆ. 2008ರ ಫೈನಲ್‌ನಲ್ಲಿ 589 ಪಾಯಿಂಟ್‌ನ ಆ ಪೇಟ್ರಿಯಟ್ಸ್ ತಂಡವನ್ನು 14ಕ್ಕೆ ನಿಲ್ಲಿಸಿದ್ದು ಯಾರು? ಮೈಕೆಲ್ ಸ್ಟ್ರೇಹನ್, ಜಸ್ಟಿನ್ ಟಕ್ ಇದ್ದ ಜೈಂಟ್ಸ್ ತಡೆಗಾರರು. ಬ್ರೇಡಿಯನ್ನು ಐದು ಸಲ ಕೆಡವಿದರು. ಈಲೈ 17 ಪಾಯಿಂಟ್‌ಗೆ ಗೆಲ್ಲೋಕೆ ಸಾಧ್ಯವಾಗಿದ್ದೇ ಅವರಿಂದ. ಸೋಲನ್ನು ತಂಡಕ್ಕೆ, ಗೆಲುವನ್ನು ಒಬ್ಬನಿಗೆ ಬರೆಯೋದು ನ್ಯಾಯ ಅಲ್ಲ.

ನಿಜವಾಗಿ ತೂಕ ಇರುವ ಆಕ್ಷೇಪ

ಗೆಲುವು ಸೋಲನ್ನು ಪಕ್ಕಕ್ಕಿಟ್ಟು ಅವರ ಸ್ವಂತ ಆಟವನ್ನೇ ನೋಡಿದರೆ ಆಕ್ಷೇಪ ಇನ್ನೂ ಗಟ್ಟಿಯಾಗುತ್ತದೆ.

ಒಟ್ಟು ಮೊತ್ತ ದೊಡ್ಡದೇ. 57,023 ಗಜ, 366 ಟಚ್‌ಡೌನ್. ನಿವೃತ್ತರಾದಾಗ ಎರಡರಲ್ಲೂ ಸಾರ್ವಕಾಲಿಕ ಏಳನೇ ಸ್ಥಾನ. ಆದರೆ ಈ ಕಾಲದಲ್ಲಿ ಎಲ್ಲರೂ ಹಿಂದಿನವರಿಗಿಂತ ಜಾಸ್ತಿ ಎಸೆಯುತ್ತಾರೆ, ನಿಯಮಗಳೂ ಎಸೆಯುವವರ ಪರವಾಗಿ ಬದಲಾಗಿವೆ. ಜೊತೆಗೆ 244 ಇಂಟರ್‌ಸೆಪ್ಶನ್. ಮೂರು ಸೀಸನ್‌ನಲ್ಲಿ ಲೀಗ್‌ನಲ್ಲೇ ಅತಿ ಹೆಚ್ಚು.

ಪಾಸರ್ ರೇಟಿಂಗ್ ಅಂತ ಒಂದು ಅಳತೆ ಇದೆ. ಎಸೆತಗಳಲ್ಲಿ ಎಷ್ಟು ಗುರಿ ಮುಟ್ಟಿದವು, ಒಂದು ಎಸೆತಕ್ಕೆ ಎಷ್ಟು ಗಜ, ಎಷ್ಟು ಟಚ್‌ಡೌನ್, ಎಷ್ಟು ಇಂಟರ್‌ಸೆಪ್ಶನ್ ಅನ್ನುವ ನಾಲ್ಕನ್ನು ಸೇರಿಸಿ ಕೊಡುವ ಒಂದು ಅಂಕ. ಗರಿಷ್ಠ 158.3. ಈಲೈ ಅವರದ್ದು 84.1. ಅಣ್ಣ ಪೇಟನ್ 96.5, ಅದೇ ಕಾಲದ ಡ್ರೂ ಬ್ರೀಸ್ 98.7. ತಮ್ಮ ಕಾಲದ ಸರಾಸರಿಯ ಅಕ್ಕಪಕ್ಕದಲ್ಲೇ ಈಲೈ ಇದ್ದರು.

ನನಗೆ ಎಲ್ಲಕ್ಕಿಂತ ತೂಕದ್ದು ಅನ್ನಿಸೋದು ಇದು. ಪ್ರತಿ ವರ್ಷ ಆಯಾ ಸ್ಥಾನದ ಅತ್ಯುತ್ತಮ ಆಟಗಾರರ ಪಟ್ಟಿ ಮಾಡುತ್ತಾರೆ, ಅದಕ್ಕೆ ಆಲ್ ಪ್ರೊ ಅನ್ನುತ್ತಾರೆ. ಈಲೈ ಒಂದು ಸಲವೂ ಅದರಲ್ಲಿಲ್ಲ. ಎಂವಿಪಿಗೆ ಅವರಿಗೆ ಒಂದೇ ಒಂದು ಮತ ಕೂಡ ಯಾವ ವರ್ಷವೂ ಬಿದ್ದಿಲ್ಲ. ಪ್ರೊ ಬೌಲ್ ಅನ್ನುವ ತಾರೆಯರ ಪಂದ್ಯಕ್ಕೆ ನಾಲ್ಕು ಸಲ ಆಯ್ಕೆಯಾದರು, ಅಷ್ಟೇ. ಅಂದರೆ ಅವರು ಆಡುತ್ತಿದ್ದಾಗ, ಅವರನ್ನು ವಾರ ವಾರ ನೋಡುತ್ತಿದ್ದ ಜನ, "ಈ ವರ್ಷ ಲೀಗ್‌ನಲ್ಲಿ ಇವರೇ ಶ್ರೇಷ್ಠ" ಅಂತ ಒಮ್ಮೆಯೂ ಹೇಳಲಿಲ್ಲ.

ಹಿಂದೆ ಇಂಥವರಿಗೆ ಏನು ಮಾಡಿದರು

ಮತದಾರರು ಹಳೆಯ ಉದಾಹರಣೆ ಹುಡುಕುತ್ತಾರೆ. ತೊಂದರೆ ಏನೆಂದರೆ ಎರಡೂ ಕಡೆಗೆ ಉದಾಹರಣೆ ಸಿಗುತ್ತದೆ.

ಜಿಮ್ ಪ್ಲಂಕೆಟ್ ರೈಡರ್ಸ್ ತಂಡಕ್ಕೆ ಎರಡು ಸೂಪರ್ ಬೌಲ್ ಗೆಲ್ಲಿಸಿಕೊಟ್ಟರು. ಲೀಗ್ ಪಂದ್ಯಗಳಲ್ಲಿ ಅವರದ್ದು 72 ಗೆಲುವು, 72 ಸೋಲು. ಈಲೈ ಥರಾನೇ ಸರಿಸಮ. ಟಚ್‌ಡೌನ್‌ಗಿಂತ ಇಂಟರ್‌ಸೆಪ್ಶನ್ ಜಾಸ್ತಿ. ಅವರಿಗೆ ಹಾಲ್ ಆಫ್ ಫೇಮ್ ಬಾಗಿಲು ತೆರೆದಿಲ್ಲ.

ಜೋ ನೇಮತ್ ನ್ಯೂಯಾರ್ಕ್ ಜೆಟ್ಸ್‌ನವರು. 173 ಟಚ್‌ಡೌನ್, 220 ಇಂಟರ್‌ಸೆಪ್ಶನ್. ಗೆಲುವಿಗಿಂತ ಒಂದು ಸೋಲು ಜಾಸ್ತಿ. ಆದರೆ 1969ರ ಜನವರಿಯಲ್ಲಿ, ಯಾರೂ ಬೆಲೆ ಕೊಡದಿದ್ದ ತಂಡವನ್ನು ಕಟ್ಟಿಕೊಂಡು, ಗೆದ್ದೇ ಗೆಲ್ಲುತ್ತೇವೆ ಅಂತ ಮೊದಲೇ ಸಾರಿ, ಬಾಲ್ಟಿಮೋರ್ ಕೋಲ್ಟ್ಸ್ ತಂಡವನ್ನು 16–7ರಿಂದ ಸೋಲಿಸಿದರು. 1985ರಲ್ಲಿ ಹಾಲ್ ಆಫ್ ಫೇಮ್‌ಗೆ ಹೋದರು. ಅವರ ಪರವಾಗಿ ಇನ್ನೊಂದು ಮಾತೂ ಇದೆ: ಒಂದೇ ಸೀಸನ್‌ನಲ್ಲಿ 4,000 ಗಜ ದಾಟಿದ ಮೊದಲಿಗರು ಅವರು, 1967ರಲ್ಲಿ.

ಈಲೈ ಇವರಿಬ್ಬರಲ್ಲಿ ಯಾರಿಗೆ ಹತ್ತಿರ? ಪ್ಲಂಕೆಟ್‌ಗಿಂತ ಬಹಳ ದೀರ್ಘ, ಬಹಳ ಗಟ್ಟಿ ವೃತ್ತಿ. ನೇಮತ್ ಅವರಂತೆ ಇಡೀ ಆಟದ ಕಥೆಯನ್ನೇ ತಿರುಗಿಸಿದ ರಾತ್ರಿ, ಅದೂ ಎರಡು. ಆದರೆ ಅಂಕಿಅಂಶ ನೋಡಿದರೆ ಇಬ್ಬರ ನೆರಳೂ ಅವರ ಮೇಲಿದೆ.

ಅವರ ಜೊತೆಯವರೂ ಲೆಕ್ಕಕ್ಕೆ ಬರುತ್ತಾರೆ. 2004ರಲ್ಲಿ ಸ್ಯಾನ್ ಡಿಯಾಗೊ ಈಲೈ ಬದಲಿಗೆ ಪಡೆದ ಫಿಲಿಪ್ ರಿವರ್ಸ್ ಎಸೆದ ಗಜ, ಟಚ್‌ಡೌನ್ ಎರಡೂ ಈಲೈಗಿಂತ ಜಾಸ್ತಿ. 63 ಸಾವಿರ ಗಜಕ್ಕೂ ಮೇಲೆ, 420ಕ್ಕೂ ಮೇಲೆ ಟಚ್‌ಡೌನ್. ಆದರೆ ಒಂದು ಸೂಪರ್ ಬೌಲ್‌ಗೂ ತಲುಪಲಿಲ್ಲ. ಅದೇ ವರ್ಷ ಪಿಟ್ಸ್‌ಬರ್ಗ್‌ಗೆ ಬಂದ ಬೆನ್ ರಾತ್ಲಿಸ್‌ಬರ್ಗರ್ ಹತ್ತಿರ ಎರಡೂ ಇದೆ, ಗಜವೂ ಇದೆ, ಎರಡು ಕಪ್ಪೂ ಇದೆ. ದಿನ ದಿನದ ಆಟ ನೋಡಿದರೆ ರಿವರ್ಸ್ ಮೇಲು. ಜನ ನೆನಪಿಟ್ಟುಕೊಂಡ ಎಸೆತಗಳನ್ನು ನೋಡಿದರೆ ಈಲೈ ಮೇಲು. ಮತದಾರ ಯಾವುದಕ್ಕೆ ಎಷ್ಟು ತೂಕ ಕೊಡಬೇಕು ಅನ್ನೋದನ್ನು ಕ್ಯಾಂಟನ್‌ನ ನಿಯಮ ಪುಸ್ತಕ ಹೇಳುವುದಿಲ್ಲ. ಇಡೀ ಚರ್ಚೆ ಸುತ್ತುತ್ತಿರೋದು ಇಲ್ಲೇ.

ನನ್ನನ್ನು ಕೇಳಿದರೆ, ಒಳಗೆ ಸೇರಿಸಿ ಅನ್ನುತ್ತೇನೆ. ಆಲ್ ಪ್ರೊ ಇಲ್ಲ ಅನ್ನುವ ಆಕ್ಷೇಪಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಆದರೆ ಸ್ಯಾನ್ ಫ್ರಾನ್ಸಿಸ್ಕೊದ ಆ ಮಳೆಯ ಸಂಜೆ, ಅರಿಜೋನಾದ ಆ 83 ಗಜ, ಇವನ್ನು ಬಿಟ್ಟು ಈ ಆಟದ ಇತಿಹಾಸ ಬರೆಯೋಕೆ ಆಗಲ್ಲ. ಆದರೆ ಮೊದಲ ವರ್ಷವೇ ಆಗಬೇಕಿತ್ತು ಅನ್ನುವ ಹಟ ನನಗಿಲ್ಲ. ಪೇಟನ್ ಥರದವರಿಗೂ ಈಲೈ ಥರದವರಿಗೂ ನಡುವೆ ಸ್ವಲ್ಪ ಕಾಯುವ ಅಂತರ ಇದ್ದರೆ ತಪ್ಪಿಲ್ಲ.

ಮುಂದೇನು

ಒಂದು ಸಲ ಆಗಲಿಲ್ಲ ಅಂದರೆ ಮುಗಿದಂತೆ ಅಲ್ಲ. ಆಟ ಬಿಟ್ಟು 25 ವರ್ಷದವರೆಗೆ ಹೆಸರು ಸಾಮಾನ್ಯ ಪಟ್ಟಿಯಲ್ಲೇ ಬರಬಹುದು. ಆಮೇಲೆ ಹಿರಿಯರ ವಿಭಾಗ ಇದ್ದೇ ಇದೆ. ಶಾರ್ಪ್ ಅವರಿಗೆ ಅವಕಾಶ ಸಿಕ್ಕಿದ್ದು ಅಲ್ಲಿಂದಲೇ.

ಆದರೆ ಸಾಲು ಉದ್ದವಾಗುತ್ತಿದೆ. ಐದು ವರ್ಷದ ನಿಯಮದ ಪ್ರಕಾರ ಡ್ರೂ ಬ್ರೀಸ್ ಸರದಿ 2026ಕ್ಕೆ, ರಾತ್ಲಿಸ್‌ಬರ್ಗರ್ 2027ಕ್ಕೆ, ಟಾಮ್ ಬ್ರೇಡಿ 2028ಕ್ಕೆ. ಮತದಾರರ ಕೈಯಲ್ಲಿರೋದು ಐದೇ ಮತ, ಕ್ವಾರ್ಟರ್‌ಬ್ಯಾಕ್ ಅಲ್ಲದವರಿಗೂ ಅದರಲ್ಲೇ ಕೊಡಬೇಕು. ಹಾಗಾಗಿ ಮುಂದಿನ ಪಟ್ಟಿ ಬಂದಾಗ ಈಲೈ ಹೆಸರಿನ ಜೊತೆ ಆ ವರ್ಷ ಅಕ್ಕಪಕ್ಕ ಯಾರಿದ್ದಾರೆ ಅನ್ನೋದನ್ನೂ ನೋಡಿ. ಅದು 117–117ಕ್ಕಿಂತ ಜಾಸ್ತಿ ಸುಳಿವು ಕೊಡುತ್ತದೆ.